ಬಾತ್‌ರೂಮ್ ನವೀಕರಣ: ಟೈಲ್ಸ್ ಆರಿಸುವ ಮೊದಲು ಪ್ಲಂಬಿಂಗ್ ಯೋಜನೆ ಹಾಕಿಕೊಳ್ಳುವುದು ಹೇಗೆ?

ಬಾತ್‌ರೂಮ್ ಹೊಸದಾಗಿ ಮಾಡಿಸೋಣ ಎಂಬ ಮಾತು ಮನೆಯಲ್ಲಿ ಶುರುವಾದರೆ ಮುಂದಿನ ಭಾನುವಾರವೇ ಎಲ್ಲರೂ ಟೈಲ್ಸ್ ಅಂಗಡಿಯಲ್ಲಿರುತ್ತಾರೆ. ಬಣ್ಣ ನಿಕ್ಕಿಯಾಗುತ್ತದೆ, ಅಡ್ವಾನ್ಸ್ ಕೊಟ್ಟಾಗುತ್ತದೆ, ಆಮೇಲೆ ಪ್ಲಂಬರ್‌ಗೆ ಫೋನ್ ಹೋಗುತ್ತದೆ. ಈ ಕ್ರಮ ತಿರುಗುಮುರುಗಾಗಬೇಕು. ಟೈಲ್ಸ್ ಮನಸ್ಸಿಗೆ ಬರದಿದ್ದರೆ ಹೇಗೋ ಸಹಿಸಿಕೊಳ್ಳಬಹುದು. ಅದರ ಹಿಂದಿನ ಪೈಪು ಸೋರಿದರೆ, ನೆಲದಡಿಯ ಇಳಿಜಾರು ತಪ್ಪಿದರೆ, ಖರ್ಚು ಮಾಡಿ ಹಾಕಿಸಿದ್ದನ್ನೆಲ್ಲ ಒಡೆಯುವುದು ಬಿಟ್ಟು ಬೇರೆ ದಾರಿಯಿಲ್ಲ. ಹಾಗಾಗಿ ಗೋಡೆ, ನೆಲದೊಳಗೆ ಮುಚ್ಚಿಹೋಗುವ ಪ್ರತಿಯೊಂದನ್ನೂ ಮೊದಲು ತೀರ್ಮಾನಿಸಿ, ಹಾಕಿಸಿ, ಪರೀಕ್ಷೆ ಮಾಡಿ, ಫೋಟೊ ತೆಗೆದಿಟ್ಟುಕೊಂಡ ಮೇಲೆಯೇ ಟೈಲ್ಸ್ ಒಳಗೆ ಬರಲಿ.

ಮಾತು ಗಾಳಿಯಲ್ಲಿ ಹೋಗದಿರಲೆಂದು ಒಂದು ಮಾದರಿ ಇಟ್ಟುಕೊಳ್ಳೋಣ. ಬೆಂಗಳೂರಿನ 30×40 ಸೈಟಿನಲ್ಲಿ 1990ರ ದಶಕದಲ್ಲಿ ಕಟ್ಟಿದ, ನೆಲಮಹಡಿ ಮತ್ತು ಮೊದಲ ಮಹಡಿ ಇರುವ ಮನೆ. ಮೇಲ್ಮಹಡಿಯ ಬಾತ್‌ರೂಮ್ 5 ಅಡಿ ಅಗಲ, 8 ಅಡಿ ಉದ್ದ. ಗೋಡೆಯೊಳಗೆ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು, ನೆಲದಲ್ಲಿ ಇಂಡಿಯನ್ ಕಮೋಡ್, ತಾರಸಿಯ ಮೇಲೆ ಸಿಂಟೆಕ್ಸ್ ಟ್ಯಾಂಕು ಮತ್ತು ಸೋಲಾರ್. ಮನೆಯ ಹಿರಿಯರಿಗೆ ಮಂಡಿನೋವು, ಹಾಗಾಗಿ ವೆಸ್ಟರ್ನ್ ಕಮೋಡ್ ಬೇಕು. ಮಕ್ಕಳಿಗೆ ದೊಡ್ಡ ಶವರ್ ಬೇಕು. ಕರ್ನಾಟಕದ ಊರೂರಲ್ಲಿ ಇಂಥದೇ ಸಾವಿರಾರು ಮನೆಗಳಿವೆ.

ಹೆಜ್ಜೆ 1: ಸುತ್ತಿಗೆ ಎತ್ತುವ ಮೊದಲು ಇರುವುದನ್ನು ಪರೀಕ್ಷಿಸಿ

ಒಂದು ಬಕೆಟ್ ನೀರಿಗೆ ಬಟ್ಟೆಗೆ ಹಾಕುವ ನೀಲಿ ಒಂದಿಷ್ಟು ಬೆರೆಸಿ ನೆಲದ ಜಾಲಿಗೆ ಒಮ್ಮೆಲೇ ಸುರಿಯಿರಿ. ಇನ್ನೊಬ್ಬರು ಹೊರಗೆ ಚೇಂಬರ್ ಮುಚ್ಚಳ ತೆಗೆದು ನೋಡುತ್ತಿರಲಿ. ನೀಲಿ ನೀರು ಯಾವ ಪೈಪಿನಿಂದ, ಎಷ್ಟು ಹೊತ್ತಿಗೆ, ಎಷ್ಟು ರಭಸವಾಗಿ ಬಂತು ಎಂಬುದು ಗೊತ್ತಾಗುತ್ತದೆ. ಕಮೋಡಿಗೂ ಹೀಗೇ ಮಾಡಿ. ಅನೇಕ ಹಳೆಯ ಮನೆಗಳಲ್ಲಿ ಕಮೋಡಿನ ನೀರಿಗೆ ಒಂದು ಪೈಪು, ಸ್ನಾನದ ನೀರಿಗೆ ಇನ್ನೊಂದು ಪೈಪು ಇರುತ್ತದೆ. ಸ್ನಾನದ ನೀರು ಗಲ್ಲಿ ಟ್ರ್ಯಾಪ್ (ನೀರು ನಿಂತು ವಾಸನೆ ತಡೆಯುವ ಹೊರಗಿನ ಸಣ್ಣ ಗುಂಡಿ) ಮೂಲಕ ಚೇಂಬರಿಗೆ ಸೇರುತ್ತದೆ. ಈ ವ್ಯವಸ್ಥೆ ಒಳ್ಳೆಯದು. ಅದು ಇದ್ದರೆ ಕೆಡಿಸಬೇಡಿ. ಕೆಲಸ ಸುಲಭವಾಗಲೆಂದು ಎರಡನ್ನೂ ಒಂದೇ ಪೈಪಿಗೆ ಸೇರಿಸಲು ಹೊರಟರೆ ಬೇಡವೆನ್ನಿ. ಮುಂದೆ ಎಂದಾದರೂ ಸ್ನಾನದ ನೀರನ್ನು ಗಿಡಗಳಿಗೆ ತಿರುಗಿಸಬೇಕೆನಿಸಿದರೂ ಈ ಪ್ರತ್ಯೇಕ ಪೈಪೇ ಕೆಲಸಕ್ಕೆ ಬರುತ್ತದೆ.

ಕಮೋಡ್ ಫ್ಲಶ್ ಮಾಡಿದಾಗ ನೆಲದ ಜಾಲಿಯಿಂದ ಗುಳುಗುಳು ಸದ್ದು ಬರುತ್ತಿದೆಯೇ? ಹಾಗಿದ್ದರೆ ಪೈಪಿಗೆ ಸರಿಯಾಗಿ ಗಾಳಿ ಸಿಗುತ್ತಿಲ್ಲ, ಫ್ಲಶ್ಶಿನ ನೀರು ಟ್ರ್ಯಾಪಿನೊಳಗಿನ ನೀರನ್ನೂ ಎಳೆದುಕೊಂಡು ಹೋಗುತ್ತಿದೆ. ಟ್ರ್ಯಾಪಿನಲ್ಲಿ ನಿಂತಿರುವ ಸುಮಾರು 50 ಮಿ.ಮೀ. ನೀರೇ ಚರಂಡಿಯ ವಾಸನೆಯನ್ನು ಮನೆಯೊಳಗೆ ಬಿಡದೆ ತಡೆಯುವುದು. ಹೊರಗೋಡೆಯ ಪೈಪು ತಾರಸಿಗಿಂತ ಮೇಲೆದ್ದು ಬಾಯಿ ತೆರೆದು ನಿಂತಿದೆಯೇ ನೋಡಿ. ಮಳೆನೀರು ಹೋಗುತ್ತದೆಂದು ಯಾರಾದರೂ ಅದಕ್ಕೆ ಮುಚ್ಚಳ ಜಡಿದಿರಬಹುದು.

ಆಮೇಲೆ ನಲ್ಲಿಗಳ ಸರದಿ. ರಾತ್ರಿ ಎಲ್ಲ ನಲ್ಲಿ ಬಿಗಿಯಾಗಿ ನಿಲ್ಲಿಸಿ, ಟ್ಯಾಂಕಿನ ನೀರಿನ ಮಟ್ಟಕ್ಕೆ ಒಂದು ಗುರುತು ಹಾಕಿ ಮಲಗಿ. ಬೆಳಿಗ್ಗೆ ಮಟ್ಟ ಇಳಿದಿದ್ದರೆ ಎಲ್ಲೋ ಸೋರುತ್ತಿದೆ. ಬೆಳಗಿನ ಮೊದಲ ನೀರು ತುಕ್ಕಿನ ಬಣ್ಣಕ್ಕಿದ್ದರೆ ಜಿಐ ಪೈಪು ಒಳಗಿನಿಂದ ತಿಂದುಹೋಗಿದೆ ಎಂದೇ ಲೆಕ್ಕ. ಅಂಥ ಪೈಪಿಗೆ ಹೊಸ ಪೈಪು ಜೋಡಿಸಿ ಹಣ ಉಳಿಸುವುದು ಬೇಡ. ತಾರಸಿಯಿಂದಲೇ ಪೂರ್ತಿ ಬದಲಿಸಿ.

ಕೊನೆಗೆ ಕೆಳಗಿನ ಕೋಣೆಗೆ ಹೋಗಿ ಛಾವಣಿ ನೋಡಿ. ತೇವದ ಕಲೆ, ಉಬ್ಬಿದ ಬಣ್ಣ ಇದ್ದರೆ ಜಾಗ ಗುರುತಿಸಿಕೊಳ್ಳಿ. ಬಾತ್‌ರೂಮಿನ ಕೆಳಗಿನ ಮೋಲ್ಡು ಪಕ್ಕದ ಮೋಲ್ಡಿಗಿಂತ ಎಷ್ಟು ಇಳಿದಿದೆ ಎಂದೂ ಅಳೆಯಿರಿ. ಇದಕ್ಕೆ ಸಂಕನ್ ಎನ್ನುತ್ತಾರೆ. 8 ಇಂಚಿರಬಹುದು, 1 ಅಡಿ ಇರಬಹುದು, ಕೆಲವು ಹಳೆಯ ಮನೆಗಳಲ್ಲಿ ಇನ್ನೂ ಹೆಚ್ಚಿರಬಹುದು. ನಿಮ್ಮ ಇಡೀ ಯೋಜನೆಯನ್ನು ನಿರ್ಧರಿಸುವುದು ಈ ಒಂದು ಅಳತೆ.

ಹೆಜ್ಜೆ 2: ನೀರು ಹೋಗುವ ದಾರಿ ಮೊದಲು, ಬರುವ ದಾರಿ ಆಮೇಲೆ

ಬರುವ ನೀರಿಗೆ ಒತ್ತಡವಿರುತ್ತದೆ, ಪೈಪನ್ನು ಎತ್ತ ತಿರುಗಿಸಿದರೂ ಬರುತ್ತದೆ. ಹೋಗುವ ನೀರಿಗೆ ಇಳಿಜಾರೊಂದೇ ಆಧಾರ. ಹಾಗಾಗಿ ಕಮೋಡ್ ಎಲ್ಲಿ, ಜಾಲಿ ಎಲ್ಲಿ ಎಂಬುದನ್ನು ಕೊಳಚೆ ಪೈಪಿಗೆ ಕೇಳಿಯೇ ತೀರ್ಮಾನಿಸಬೇಕು.

ನಮ್ಮ ಮಾದರಿಯಲ್ಲೇ ಲೆಕ್ಕ ಹಾಕೋಣ. ಶವರ್ ಜಾಗದ ಜಾಲಿಯಿಂದ ಹೊರಗಿನ ಪೈಪಿಗೆ 6 ಅಡಿ ದೂರವಿದೆ ಎಂದುಕೊಳ್ಳಿ. ಅಡಿಗೆ ಕಾಲು ಇಂಚಿನಂತೆ ಇಳಿಜಾರು ಕೊಟ್ಟರೆ ಒಟ್ಟು ಒಂದೂವರೆ ಇಂಚು. 75 ಮಿ.ಮೀ. ಪೈಪಿಗೆ 3 ಇಂಚು. ಪೈಪಿನ ಕೆಳಗೆ ಗಾರೆಯ ಹಾಸು 1 ಇಂಚು. ಮೇಲೆ ಕಾಂಕ್ರೀಟು, ಟೈಲ್ಸ್ ಸೇರಿ 2 ಇಂಚು. ಅಲ್ಲಿಗೆ ಏಳೂವರೆ ಇಂಚಾಯಿತು. 8 ಇಂಚು ಸಂಕನ್ ಇರುವ ಮನೆಯಲ್ಲಿ ಇಷ್ಟಕ್ಕೇ ಜಾಗ ಮುಗಿಯಿತು. ಇನ್ನು 110 ಮಿ.ಮೀ. ಕಮೋಡ್ ಪೈಪನ್ನು, ಅದರ ಬೆಂಡಿನ ಸಮೇತ, ಅದೇ ನೆಲದಡಿಯಲ್ಲಿ ಐದಾರು ಅಡಿ ದೂರ ಒಯ್ಯಲು ಹೋದರೆ ಏನಾಗುತ್ತದೆ? ನೆಲವನ್ನೇ ಎತ್ತರಿಸಬೇಕು, ಬಾಗಿಲಲ್ಲಿ ಮೆಟ್ಟಿಲು ಬರುತ್ತದೆ. ಮಂಡಿನೋವಿನವರಿಗಾಗಿ ಮಾಡಿಸುವ ಬಾತ್‌ರೂಮಿಗೆ ಮೆಟ್ಟಿಲು ಕೂಡದು. ಜಾಗ ಸಾಲದೆಂದು ಇಳಿಜಾರು ಕಡಿಮೆ ಮಾಡಿದರೆ ಪದೇ ಪದೇ ಕಟ್ಟಿಕೊಳ್ಳುತ್ತದೆ.

ಆದ್ದರಿಂದ ಕಮೋಡ್ ಈಗ ಇರುವ ಗೋಡೆಯ ಹತ್ತಿರವೇ, ಹೊರಗಿನ ಪೈಪಿಗೆ ಆದಷ್ಟು ಸಮೀಪವೇ ಇರಲಿ. ಬೇಸಿನ್ ಮತ್ತು ಶವರ್‌ಗಳನ್ನು ಬೇಕಾದರೆ ಅದಲುಬದಲು ಮಾಡಿ.

ಇಂಡಿಯನ್ ಕಮೋಡ್ ತೆಗೆದು ಅದೇ ತೂತಿನ ಮೇಲೆ ವೆಸ್ಟರ್ನ್ ಕೂರಿಸಬಹುದೆಂಬ ನಂಬಿಕೆ ತುಂಬ ಜನರಿಗಿದೆ. ಸಾಮಾನ್ಯವಾಗಿ ಅದು ಆಗುವುದಿಲ್ಲ. ಇಂಡಿಯನ್ ಕಮೋಡಿನ ಟ್ರ್ಯಾಪ್ ನೆಲದೊಳಗೆ ಹೂತಿರುತ್ತದೆ. ವೆಸ್ಟರ್ನ್ ಕಮೋಡಿಗೆ ಟ್ರ್ಯಾಪ್ ತನ್ನೊಳಗೇ ಇರುತ್ತದೆ. ಹಳೆಯ ಟ್ರ್ಯಾಪ್ ತೆಗೆಯದೆ ಮೇಲೆ ಕೂರಿಸಿದರೆ ಒಂದರ ಹಿಂದೊಂದು ಎರಡು ಟ್ರ್ಯಾಪ್ ಆಗಿ, ಫ್ಲಶ್ ಎಂದೂ ಸರಿಯಾಗಿ ಹೋಗುವುದಿಲ್ಲ. ಪೈಪು ನೆಲದೊಳಗೆ ಇಳಿಯುವ ಎಸ್ ಟ್ರ್ಯಾಪ್ ಕಮೋಡಾದರೆ ನೆಲದ ತೂತಿನ ನಡುಬಿಂದು ಗೋಡೆಯಿಂದ ಇಷ್ಟೇ ದೂರ ಇರಬೇಕೆಂಬ ನಿಯಮವಿದೆ. ಮಾಡೆಲಿಗೆ ತಕ್ಕಂತೆ ಅದು 4, 9 ಅಥವಾ 12 ಇಂಚು. ಈ ದೂರವನ್ನು ಅಳೆಯುವುದು ಟೈಲ್ಸ್ ಮೇಲ್ಮೈಯಿಂದ. ಇಟ್ಟಿಗೆ ಗೋಡೆಯಿಂದ ಅಳೆದರೆ ಪ್ಲಾಸ್ಟರ್, ಟೈಲ್ಸ್ ದಪ್ಪ ಸೇರಿ ಒಂದೂವರೆ ಇಂಚು ತಪ್ಪಿಹೋಗುತ್ತದೆ, ಕಮೋಡ್ ಕೂರುವುದಿಲ್ಲ.

ಪಿ ಟ್ರ್ಯಾಪ್ ಕಮೋಡಿನಲ್ಲಿ ಪೈಪು ಹಿಂದಿನ ಗೋಡೆಯ ಮೂಲಕ ನೇರ ಹೊರಗೆ ಹೋಗುತ್ತದೆ. ಹೊರಗೋಡೆಯ ಆಚೆಯೇ ಕೊಳಚೆ ಪೈಪಿದ್ದರೆ ಇದಕ್ಕಿಂತ ನೆಮ್ಮದಿಯ ಆಯ್ಕೆ ಇಲ್ಲ. ನೆಲ ಅಗೆಯುವ ಕೆಲಸ ಅರ್ಧಕ್ಕರ್ಧ ಕಡಿಮೆಯಾಗುತ್ತದೆ, ಕೆಳಗಿನ ಕೋಣೆಗೆ ಸೋರುವ ಭಯವೂ ತಗ್ಗುತ್ತದೆ. ಗೋಡೆಗೆ ತೂಗುವ ಕಮೋಡೂ ಇದೇ ಬಗೆಯದು. ಆದರೆ ಅದರ ಕನ್ಸೀಲ್ಡ್ ಸಿಸ್ಟರ್ನ್ (ಗೋಡೆಯೊಳಗೆ ಅಡಗಿರುವ ಫ್ಲಶ್ ಟ್ಯಾಂಕು) ನಾಲ್ಕೂವರೆ ಇಂಚಿನ ಗೋಡೆಯೊಳಗೆ ಹಿಡಿಸುವುದಿಲ್ಲ. ಮುಂದೆ ಇನ್ನೊಂದು ಸಣ್ಣ ಗೋಡೆ ಕಟ್ಟಬೇಕು. 5 ಅಡಿ ಅಗಲದ ಬಾತ್‌ರೂಮಿನಲ್ಲಿ ಆ ಐದಾರು ಇಂಚು ಹೋದರೆ ಓಡಾಟಕ್ಕೆ ಇಕ್ಕಟ್ಟು. ನಮ್ಮ ಮಾದರಿಗೆ ನನ್ನ ಸಲಹೆ, ನೆಲದ ಮೇಲೆ ಕೂರುವ ಪಿ ಟ್ರ್ಯಾಪ್ ಕಮೋಡ್. 3 ಮತ್ತು 6 ಲೀಟರಿನ ಎರಡು ಬಟನ್ ಇರುವ ಸಿಸ್ಟರ್ನ್ ಇರಲಿ. ಕಮೋಡಿನ ನಡುಬಿಂದುವಿಗೂ ಪಕ್ಕದ ಗೋಡೆಗೂ ಕಡಿಮೆಯೆಂದರೆ 15 ಇಂಚು, ಸಾಧ್ಯವಾದರೆ 18 ಇಂಚು ಬಿಡಿ. ಮುಂದೆ 2 ಅಡಿ ಜಾಗ ಬೇಕು.

ಅಡ್ಡ ಪೈಪು ತಿರುಗುವಲ್ಲಿ 90 ಡಿಗ್ರಿಯ ಒಂದು ಬೆಂಡಿನ ಬದಲು 45 ಡಿಗ್ರಿಯ ಎರಡು ಹಾಕಿಸಿ. ಹೊರಗೆ ಕೈಗೆಟಕುವ ಬೆಂಡುಗಳಿಗೆ ಡೋರ್ ಇರುವ ಫಿಟ್ಟಿಂಗ್ ಇರಲಿ. ಕಟ್ಟಿಕೊಂಡ ದಿನ ಬಿಚ್ಚಿ ಸರಿಪಡಿಸಲು ಅದೊಂದೇ ಬಾಗಿಲು.

ಹೆಜ್ಜೆ 3: ಶವರ್ ಕೊಳ್ಳುವ ಮೊದಲು ಒತ್ತಡ ಲೆಕ್ಕ ಹಾಕಿ

ಶೋರೂಮಿನಲ್ಲಿ ಧೋ ಎಂದು ಸುರಿಯುವ ಶವರ್ ಮನೆಯಲ್ಲಿ ಜಿನುಗುವುದು ಯಾಕೆ? ಶೋರೂಮಿನಲ್ಲಿ ಪಂಪಿರುತ್ತದೆ. ಮನೆಯಲ್ಲಿ ಟ್ಯಾಂಕಿನ ಎತ್ತರವೇ ಒತ್ತಡ. 10 ಮೀಟರ್ ಎತ್ತರದ ನೀರು ಸುಮಾರು 1 ಬಾರ್ ಒತ್ತಡ ಕೊಡುತ್ತದೆ. ನಮ್ಮ ಮಾದರಿ ಮನೆಯಲ್ಲಿ ಶವರ್ 7 ಅಡಿ ಎತ್ತರದಲ್ಲಿದೆ, ಛಾವಣಿ 10 ಅಡಿ. ನಡುವಿನ 3 ಅಡಿ, ಮೋಲ್ಡಿನ ದಪ್ಪ ಅರ್ಧ ಅಡಿ, ತಾರಸಿಯ ಮೇಲಿನ ಟ್ಯಾಂಕಿನ ಕಟ್ಟೆ 4 ಅಡಿ. ಒಟ್ಟು ಏಳೂವರೆ ಅಡಿ, ಅಂದರೆ 0.23 ಬಾರ್. ಅದೇ ಟ್ಯಾಂಕಿನಿಂದ ನೆಲಮಹಡಿಯ ಶವರ್‌ಗೆ ಸುಮಾರು 0.55 ಬಾರ್ ಸಿಗುತ್ತದೆ. ದೊಡ್ಡ ರೇನ್ ಶವರ್‌ಗಳು ಚೆನ್ನಾಗಿ ಸುರಿಯಲು ಸಾಮಾನ್ಯವಾಗಿ 1 ಬಾರ್ ಅಥವಾ ಹೆಚ್ಚು ಕೇಳುತ್ತವೆ. ಡಬ್ಬಿಯ ಮೇಲೆ ಬರೆದಿರುತ್ತದೆ, ಓದಿ.

ಈಗಿನ ಹರಿವು ತಿಳಿಯಲು 10 ಲೀಟರ್ ಬಕೆಟನ್ನು ಹಳೆಯ ಶವರ್ ಕೆಳಗಿಟ್ಟು ತುಂಬಲು ಎಷ್ಟು ಹೊತ್ತು ಬೇಕೆಂದು ನೋಡಿ. ಒಂದು ನಿಮಿಷದೊಳಗೆ ತುಂಬಿದರೆ ಸಾಧಾರಣ ಶವರ್‌ಗೆ ಸಾಕು. ಎರಡು ನಿಮಿಷ ಹಿಡಿದರೆ ಮೂರು ಪರಿಹಾರಗಳಿವೆ. ಟ್ಯಾಂಕನ್ನು ಎತ್ತರಿಸುವುದು, ಟ್ಯಾಂಕಿನಿಂದ ಬರುವ ಪೈಪನ್ನು ದಪ್ಪ ಮಾಡುವುದು, ಅಥವಾ ಪ್ರೆಶರ್ ಪಂಪ್ ಹಾಕುವುದು. ತಾರಸಿಯಿಂದ 1 ಅಥವಾ ಒಂದೂಕಾಲು ಇಂಚಿನ ಪೈಪು ಇಳಿಸಿ, ಬಾತ್‌ರೂಮಿನೊಳಗೆ ಮುಕ್ಕಾಲು ಇಂಚು ಓಡಿಸಿ, ಕೊನೆಯ ನಲ್ಲಿಗಳಿಗೆ ಮಾತ್ರ ಅರ್ಧ ಇಂಚು ಕೊಟ್ಟರೆ ಹಲವು ಮನೆಗಳಲ್ಲಿ ಪಂಪಿನ ಅಗತ್ಯವೇ ಬೀಳುವುದಿಲ್ಲ. ಪಂಪಿಲ್ಲದೆ ಮುಗಿಯುವುದಾದರೆ ಅದೇ ಮೇಲು. ಕರೆಂಟು ಹೋದಾಗಲೂ ಸ್ನಾನ ನಿಲ್ಲುವುದಿಲ್ಲ.

ಹೆಜ್ಜೆ 4: ಸೋಲಾರ್, ಗೀಸರ್, ಪಂಪ್: ಮೂರನ್ನೂ ಒಟ್ಟಿಗೆ ಯೋಚಿಸಿ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ನಮ್ಮ ರಾಜ್ಯದಲ್ಲಿ ತಾರಸಿ ತಾರಸಿಗೂ ಸೋಲಾರ್ ಇದೆ, ಹಾಗಾಗಿ ಈ ತೊಂದರೆಯೂ ಬೀದಿಬೀದಿಗೆ ಇದೆ.

ಮನೆಗಳ ಸೋಲಾರ್ ಟ್ಯಾಂಕುಗಳಲ್ಲಿ ಹೆಚ್ಚಿನವು ಒತ್ತಡ ತಾಳುವಂಥವಲ್ಲ. ಅವುಗಳಿಂದ ಒಂದು ಗಾಳಿಪೈಪು ಮೇಲಕ್ಕೆ ಎದ್ದಿರುತ್ತದೆ. ಬಿಸಿನೀರು ಬರೀ ಎತ್ತರದ ಬಲದಿಂದ ಇಳಿಯುತ್ತದೆ. ಈಗ ಶವರ್ ಜೋರಾಗಲೆಂದು ತಣ್ಣೀರಿನ ಪೈಪಿಗೆ ಮಾತ್ರ ಪ್ರೆಶರ್ ಪಂಪ್ ಹಾಕಿದಿರಿ ಎಂದುಕೊಳ್ಳಿ. ಮಿಕ್ಸರ್ ತಿರುಗಿಸಿದಾಗ ಒಂದು ಕಡೆಯಿಂದ 1.5 ಬಾರ್ ತಣ್ಣೀರು, ಇನ್ನೊಂದು ಕಡೆಯಿಂದ 0.2 ಬಾರ್ ಬಿಸಿನೀರು. ಬಲವಾದ ತಣ್ಣೀರು ಮಿಕ್ಸರ್ ಒಳಗಿನಿಂದಲೇ ಬಿಸಿನೀರಿನ ಪೈಪಿಗೆ ನುಗ್ಗಿ ಹಿಮ್ಮುಖವಾಗಿ ಸೋಲಾರ್ ಟ್ಯಾಂಕು ಸೇರುತ್ತದೆ. ತಾರಸಿಯಲ್ಲಿ ಗಾಳಿಪೈಪಿನಿಂದ ನೀರು ಉಕ್ಕಿ ಹರಿಯುತ್ತದೆ, ಕೆಳಗೆ ಶವರ್‌ನಲ್ಲಿ ಬಿಸಿನೀರೇ ಬರುವುದಿಲ್ಲ. ಸೋಲಾರ್ ಕೆಟ್ಟಿದೆ ಎಂದು ಮನೆಯವರು ಕಂಪನಿಗೆ ಫೋನ್ ಮಾಡುತ್ತಾರೆ. ಸೋಲಾರ್ ಸರಿಯಾಗಿಯೇ ಇರುತ್ತದೆ.

ಬಿಸಿನೀರಿನ ಪೈಪಿಗೆ ನಾನ್ ರಿಟರ್ನ್ ವಾಲ್ವ್ (ನೀರನ್ನು ಒಂದೇ ದಿಕ್ಕಿಗೆ ಬಿಡುವ ವಾಲ್ವ್) ಹಾಕಿದರೆ ಉಕ್ಕುವುದು ನಿಲ್ಲುತ್ತದೆ. ಆದರೆ ಬಿಸಿನೀರು ತಣ್ಣೀರಿನೆದುರು ಸೋಲುವುದು ನಿಲ್ಲುವುದಿಲ್ಲ. ನಿಜವಾದ ಪರಿಹಾರ ಎರಡೂ ಕಡೆಯ ಒತ್ತಡ ಸರಿಸಮ ಇರುವಂತೆ ನೋಡಿಕೊಳ್ಳುವುದು. ಪಂಪಿಲ್ಲದೆ ಎರಡನ್ನೂ ಎತ್ತರದ ಬಲದಲ್ಲೇ ಬಿಡಿ. ಇಲ್ಲವೇ ಸೋಲಾರಿನಿಂದ ಇಳಿಯುವ ಪೈಪಿಗೆ ಬಿಸಿನೀರು ತಾಳುವ ಇನ್ನೊಂದು ಪಂಪ್ ಹಾಕಿಸಿ. ಅದೂ ಇಲ್ಲವಾದರೆ ಒತ್ತಡ ತಾಳುವ ಸೋಲಾರ್ ಟ್ಯಾಂಕೇ ಬೇಕು. ಮಾಮೂಲಿ ಸೋಲಾರ್ ಟ್ಯಾಂಕಿನ ಒಳಹರಿವಿಗೆ ಮಾತ್ರ ಪಂಪಿನ ನೀರು ಎಂದಿಗೂ ಕೊಡಬೇಡಿ. ಟ್ಯಾಂಕು ಉಬ್ಬಿ ಸೀಳಬಹುದು.

ಸೋಲಾರಿನ ಎರಡನೆಯ ತಲೆನೋವು ಬಿಸಿನೀರು ಬರುವವರೆಗೆ ಹರಿದುಹೋಗುವ ತಣ್ಣೀರು. ಮುಕ್ಕಾಲು ಇಂಚಿನ ಸಿಪಿವಿಸಿ (ಬಿಸಿನೀರು ತಾಳುವ ಪ್ಲಾಸ್ಟಿಕ್) ಪೈಪಿನ ಒಂದು ಮೀಟರಿನಲ್ಲಿ ಸುಮಾರು ಕಾಲು ಲೀಟರ್ ನೀರು ಹಿಡಿಯುತ್ತದೆ. 20 ಮೀಟರ್ ಪೈಪಾದರೆ 5 ಲೀಟರ್. ದಿನಕ್ಕೆ ನಾಲ್ಕು ಜನರ ಸ್ನಾನಕ್ಕೆ 20 ಲೀಟರ್ ಕಾವೇರಿ ನೀರು ಜಾಲಿಗೆ ಹೋಯಿತು. ಕಾವೇರಿ ನೀರಿನ ಪಂಪಿಂಗ್ ಕೇಂದ್ರವಿರುವ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿ.ಮೀ. ದೂರ, ಮೇಲಕ್ಕೆ ಪಂಪ್ ಮಾಡಿ ತಂದ ನೀರು ಅದು. ಬಿಸಿನೀರಿನ ಪೈಪನ್ನು ಆದಷ್ಟು ನೇರವಾಗಿ ಇಳಿಸಿ, ತಾರಸಿಯ ಮೇಲೆ ಹೋಗುವ ಭಾಗಕ್ಕೆ ಇನ್ಸುಲೇಶನ್ ಸುತ್ತಿಸಿ, ಶವರ್ ಹತ್ತಿರ ಬಕೆಟ್ ನಲ್ಲಿಯೊಂದು ಇರಲಿ. ಮೊದಲ ತಣ್ಣೀರು ಬಕೆಟ್ಟಿಗೆ ಬೀಳಲಿ.

ಗೀಸರ್ ಇದ್ದರೆ ಅದರ ಮೇಲಿನ ಫಲಕದಲ್ಲಿ ಎಷ್ಟು ಬಾರ್ ತಾಳುತ್ತದೆ ಎಂದು ಬರೆದಿರುತ್ತದೆ. ನಿಮ್ಮ ಪಂಪು ಅದರೊಳಗೇ ಇರಬೇಕು. ಗೀಸರ್ ಜೊತೆ ಬರುವ ಸೇಫ್ಟಿ ವಾಲ್ವ್ ತೊಟ್ಟಿಕ್ಕುತ್ತದೆಂದು ಅದರ ಬಾಯಿ ಮುಚ್ಚುವವರಿದ್ದಾರೆ. ಅದು ಜೀವಕ್ಕೆ ಅಪಾಯ. ಆ ಬಾಯಿಗೆ ಸಣ್ಣ ಪೈಪು ಜೋಡಿಸಿ ಜಾಲಿಯ ಕಡೆಗೆ ತಿರುಗಿಸಿದರೆ ಸಾಕು. ಗೀಸರಿಗೆ 16 ಆಂಪಿಯರ್ ಪಾಯಿಂಟು, ಸರಿಯಾದ ಅರ್ತಿಂಗ್, 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಆಫ್ ಆಗುವ ಸ್ವಿಚ್ಚು) ಇರಲೇಬೇಕು. ಇದು ಎಲೆಕ್ಟ್ರಿಷಿಯನ್ ಕೆಲಸವಾದರೂ ಗೋಡೆ ಕೊರೆಯುವ ದಿನ ಅವರೂ ಬರಲಿ.

ಹೆಜ್ಜೆ 5: ಸಾಮಾನು ಮೊದಲು ತನ್ನಿ, ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯಿರಿ

ಕಮೋಡ್, ಬೇಸಿನ್, ಡೈವರ್ಟರ್ (ಬಿಸಿ, ತಣ್ಣೀರು ಬೆರೆಸಿ ಶವರ್‌ಗೋ ನಲ್ಲಿಗೋ ತಿರುಗಿಸುವ ಸಾಧನ), ಶವರ್, ಗೀಸರ್ ಇವು ಮನೆಗೆ ಬಂದಿರಬೇಕು, ಇಲ್ಲವೇ ಮಾಡೆಲ್ ನಿಕ್ಕಿಯಾಗಿ ಅಳತೆಯ ಹಾಳೆಯಾದರೂ ಕೈಯಲ್ಲಿರಬೇಕು. ಅದಿಲ್ಲದೆ ಗೋಡೆ ಕೊರೆಸಬೇಡಿ.

ಮುಗಿದ ನೆಲದ ಮಟ್ಟವನ್ನು ಗೋಡೆಯ ಸುತ್ತ ಒಂದು ಗೆರೆ ಎಳೆದು ಗುರುತಿಸಿ. ಎಲ್ಲ ಎತ್ತರವನ್ನೂ ಅಲ್ಲಿಂದಲೇ ಅಳೆಯಿರಿ. ಶವರ್ 80ರಿಂದ 84 ಇಂಚು. ಡೈವರ್ಟರ್ 40 ಇಂಚಿನ ಆಸುಪಾಸು. ಬೇಸಿನ್ನಿನ ಅಂಚು 32ರಿಂದ 34 ಇಂಚು, ಅದರ ಆಂಗಲ್ ಕಾಕ್ (ಕೆಳಗೆ ನೀರು ನಿಲ್ಲಿಸುವ ಸಣ್ಣ ವಾಲ್ವ್) 22ರಿಂದ 24 ಇಂಚು. ಹೆಲ್ತ್ ಫಾಸೆಟ್ 18ರಿಂದ 24 ಇಂಚಿನ ನಡುವೆ, ಕೂತವರ ಕೈಗೆ ಸಲೀಸಾಗಿ ಸಿಗುವಂತೆ. ಕುರ್ಚಿಯೊಂದನ್ನು ಕಮೋಡ್ ಜಾಗದಲ್ಲಿಟ್ಟು ಮನೆಯ ಹಿರಿಯರನ್ನೇ ಕೂರಿಸಿ, ಕೈ ಎಲ್ಲಿಗೆ ಹೋಗುತ್ತದೋ ಅಲ್ಲಿ ಗುರುತು ಹಾಕಿ. ಪುಸ್ತಕದ ಅಳತೆಗಿಂತ ಈ ಗುರುತು ಸರಿಯಾಗಿರುತ್ತದೆ. ಬಿಸಿನೀರು ಎಡಕ್ಕೆ, ತಣ್ಣೀರು ಬಲಕ್ಕೆ. ಇದು ಎಲ್ಲ ಕಡೆ ಒಂದೇ.

ಬಕೆಟ್ ನಲ್ಲಿಯನ್ನು ಮರೆಯಬೇಡಿ. ಈಗಿನ ಡಿಸೈನುಗಳಲ್ಲಿ ಅದನ್ನು ಕೈಬಿಡುತ್ತಾರೆ. ಚೊಂಬಿನಲ್ಲಿ ಮೈಮೇಲೆ ನೀರು ಹೊಯ್ದುಕೊಂಡರೇ ಸ್ನಾನ ಮಾಡಿದಂತೆ ಎನ್ನುವವರು ಪ್ರತಿ ಮನೆಯಲ್ಲೂ ಇದ್ದಾರೆ. ಎಣ್ಣೆಸ್ನಾನಕ್ಕೆ, ಬಟ್ಟೆ ಹಿಂಡಲು, ನೆಲ ತೊಳೆಯಲು ಬಕೆಟ್ ಬೇಕೇ ಬೇಕು. ನಲ್ಲಿಯ ಮೂತಿ ನೆಲದಿಂದ 2 ಅಡಿ ಎತ್ತರವಿದ್ದರೆ 20 ಲೀಟರ್ ಬಕೆಟ್ ಕೆಳಗೆ ಕೂರುತ್ತದೆ, ಎತ್ತುವಾಗಲೂ ತಾಗುವುದಿಲ್ಲ.

ಕನ್ಸೀಲ್ಡ್ ಡೈವರ್ಟರ್ ಬಗ್ಗೆ ಒಂದು ಎಚ್ಚರಿಕೆ. ಅದರ ಮೇಲೆ ಪ್ಲಾಸ್ಟಿಕ್ ಟೊಪ್ಪಿಗೆ ಇರುತ್ತದೆ. ಟೊಪ್ಪಿಗೆಯ ಮೇಲೆ ಎರಡು ಗೆರೆಗಳು. ಟೈಲ್ಸಿನ ಮೇಲ್ಮೈ ಆ ಎರಡು ಗೆರೆಗಳ ನಡುವೆ ಬರಬೇಕು. ಡೈವರ್ಟರ್ ಹೆಚ್ಚು ಒಳಗೆ ಹೋದರೆ ಹಿಡಿ ಕೂರುವುದಿಲ್ಲ, ಹೆಚ್ಚು ಹೊರಗೆ ಬಂದರೆ ಮುಚ್ಚಳದ ತಟ್ಟೆ ಗೋಡೆಗೆ ಅಂಟುವುದಿಲ್ಲ. ಪ್ಲಂಬರ್ ಡೈವರ್ಟರ್ ಕೂರಿಸುವಾಗ ಟೈಲ್ಸಿನ ಒಂದು ತುಂಡು ಪಕ್ಕದಲ್ಲಿ ಹಿಡಿದು, ಗಾರೆಯ ದಪ್ಪ ಸೇರಿಸಿ, ನಿಮ್ಮ ಕಣ್ಣೆದುರೇ ಅಳೆದು ನೋಡಲಿ. ಟೈಲ್ಸ್ ಕೆಲಸ ಮುಗಿಯುವವರೆಗೆ ಆ ಟೊಪ್ಪಿಗೆ ತೆಗೆಯಬಾರದು.

ಹಿರಿಯರಿಗಾಗಿ ಹಿಡಿಕೆ ಬರುವ ಜಾಗಗಳನ್ನೂ ಈಗಲೇ ಗುರುತಿಸಿ, ಆ ಭಾಗದಲ್ಲಿ ಪೈಪು ಹೋಗದಂತೆ ನೋಡಿಕೊಳ್ಳಿ. ಪೈಪುಗಳು ನೇರ ಮೇಲಕ್ಕೆ ಅಥವಾ ನೇರ ಅಡ್ಡಕ್ಕೆ ಹೋಗಲಿ, ಓರೆಯಾಗಿ ಬೇಡ. ನಾಳೆ ಕನ್ನಡಿಗೆ ಮೊಳೆ ಹೊಡೆಯುವವರಿಗೆ ಪೈಪು ಎಲ್ಲಿದೆ ಎಂದು ಊಹಿಸಲಾಗಬೇಕು. ಕಂಬ, ತೊಲೆಗಳನ್ನು ಯಾವ ಕಾರಣಕ್ಕೂ ಕೊರೆಯಬಾರದು. ಮಣ್ಣಿನ ಗೋಡೆಯ ಹಳೆಯ ಮನೆಗಳಲ್ಲಿ, ಕರಾವಳಿಯ ಮುರಕಲ್ಲಿನ ಗೋಡೆಗಳಲ್ಲಿ ಕೊರೆದಲ್ಲಿ ಉದುರುತ್ತಾ ಹೋಗುತ್ತದೆ. ಅಲ್ಲಿ ಪೈಪು ಗೋಡೆಯ ಹೊರಗೇ ಕ್ಲಾಂಪಿನಲ್ಲಿ ಓಡಲಿ, ನೋಟ ಸ್ವಲ್ಪ ಕೆಟ್ಟರೂ ಪರವಾಗಿಲ್ಲ.

ಹೆಜ್ಜೆ 6: ಪೈಪು, ವಾಲ್ವು

ಗೋಡೆಯೊಳಗೆ ಬಿಸಿಗೂ ತಣ್ಣಗೂ ಸಿಪಿವಿಸಿಯೇ ಇರಲಿ, ಐಎಸ್ 15778 ಎಂದು ಅಚ್ಚಾಗಿರುವುದನ್ನು ನೋಡಿ ತನ್ನಿ. ಎಸ್‌ಡಿಆರ್ 11 ಎಂದಿದ್ದರೆ ಪೈಪಿನ ಗೋಡೆ ದಪ್ಪ, ಮುಚ್ಚಿಹೋಗುವ ಪೈಪಿಗೆ ಅದೇ ಸರಿ. ಬಿಳಿಯ ಯುಪಿವಿಸಿ ತಣ್ಣೀರಿಗೆ ಮಾತ್ರ. 45 ಡಿಗ್ರಿ ದಾಟಿದರೆ ಅದು ಮೆತ್ತಗಾಗುತ್ತದೆ. ಕೊಳಚೆಗೆ ಐಎಸ್ 13592 ಗುರುತಿನ ಎಸ್‌ಡಬ್ಲ್ಯುಆರ್ ಪೈಪು. ನಲ್ಲಿ ಸಿಕ್ಕಿಸುವ ಪ್ರತಿ ಜಾಗದಲ್ಲೂ ಹಿತ್ತಾಳೆಯ ಮರೆ (ತಿರುಪಿನ ಸುತ್ತು) ಇರುವ ಫಿಟ್ಟಿಂಗ್ ಕೇಳಿ. ಪ್ಲಾಸ್ಟಿಕ್ ಮರೆಗೆ ನಲ್ಲಿ ಬಿಗಿದರೆ ಇಂದಲ್ಲ ನಾಳೆ ಬಿರುಕು. ಸಿಪಿವಿಸಿಗೆ ಸಿಪಿವಿಸಿಯದೇ ಸಾಲ್ವೆಂಟ್, ಯುಪಿವಿಸಿಯದು ಹಚ್ಚಬಾರದು.

ಬಾತ್‌ರೂಮಿಗೆಂದೇ ಬಿಸಿ, ತಣ್ಣೀರಿಗೆ ಒಂದೊಂದು ಕಂಟ್ರೋಲ್ ವಾಲ್ವ್ ಹಾಕಿಸಿ. ಬೋರ್‌ವೆಲ್ ನೀರಿನ ಮನೆಯಾದರೆ ನೀರಿನ ಗಡಸುತನವನ್ನು ಗಂಭೀರವಾಗಿ ತೆಗೆದುಕೊಳ್ಳಿ. ಬಿಳಿ ಉಪ್ಪು ಕಟ್ಟಿ ತೆಳು ಶವರ್ ತೂತುಗಳು, ದುಬಾರಿ ಥರ್ಮೋಸ್ಟಾಟಿಕ್ ಮಿಕ್ಸರುಗಳು ಬೇಗ ಹಾಳಾಗುತ್ತವೆ. ರಬ್ಬರ್ ಮೂತಿಯ, ಬೆರಳಿನಿಂದ ಉಜ್ಜಿದರೆ ಉಪ್ಪು ಉದುರುವ ಶವರ್ ಮತ್ತು ಸಾದಾ ಮಿಕ್ಸರ್ ಅಂಥ ಮನೆಗೆ ಲೇಸು. ಬೇಸಿನ್ ನಲ್ಲಿಗೆ ಏರಿಯೇಟರ್ (ನೀರಿಗೆ ಗಾಳಿ ಬೆರೆಸಿ ಹರಿವು ತಗ್ಗಿಸುವ ಮೂತಿ) ಇರಲಿ. 2024ರ ಬೇಸಿಗೆಯ ಅಭಾವದಲ್ಲಿ ಬೆಂಗಳೂರು ಜಲಮಂಡಳಿ ಅಪಾರ್ಟ್‌ಮೆಂಟು, ವಾಣಿಜ್ಯ ಕಟ್ಟಡಗಳಿಗೆ ಅದನ್ನು ಕಡ್ಡಾಯ ಮಾಡಿತ್ತು. ಸ್ವಂತ ಮನೆಯಲ್ಲಿ ಯಾರೂ ಹೇಳದೆಯೇ ಹಾಕಿಸಿಕೊಳ್ಳಬಹುದು.

ಹೆಜ್ಜೆ 7: ಪ್ಲಂಬರ್ ಜೊತೆ ಮಾತು, ಬರಹದಲ್ಲಿ

ಪಾಯಿಂಟ್ ಲೆಕ್ಕದಲ್ಲೋ ಒಟ್ಟು ಬಾತ್‌ರೂಮಿನ ಲೆಕ್ಕದಲ್ಲೋ ಮಾತಾಡಿ, ಯಾವುದಾದರೂ ಸರಿ. ಆದರೆ ಗೋಡೆ ಕೊರೆಯುವುದು, ಹೊರಗೋಡೆಗೆ ಕೋರ್ ಕಟಿಂಗ್, ಪ್ರೆಶರ್ ಟೆಸ್ಟ್, ಕೊನೆಯ ಫಿಟ್ಟಿಂಗ್, ಕಸ ಸಾಗಿಸುವುದು ಇವು ಯಾರ ಲೆಕ್ಕ ಎಂದು ಕಾಗದದಲ್ಲಿ ಬರೆದುಕೊಳ್ಳಿ. ವಾಟರ್‌ಪ್ರೂಫಿಂಗ್ ಯಾರ ಜವಾಬ್ದಾರಿ ಎಂದೂ ಬರೆಯಿರಿ. ಸೋರಿದಾಗ ಪ್ಲಂಬರ್ ಟೈಲ್ಸ್ ಮೇಸ್ತ್ರಿಯನ್ನು, ಮೇಸ್ತ್ರಿ ಪ್ಲಂಬರನ್ನು ತೋರಿಸುವುದು ಎಲ್ಲ ಕಡೆ ನಡೆಯುವ ಸಂಗತಿ. ನೆಲದಲ್ಲಿ ನೀರು ತುಂಬಿಸಿಟ್ಟು ಸೋರಿಕೆ ನೋಡುವ ಪರೀಕ್ಷೆ (ಹೆಜ್ಜೆ 8) ಮುಗಿಯುವವರೆಗೆ ಒಂದು ಕಂತು ಹಿಡಿದಿಟ್ಟುಕೊಳ್ಳಿ, ಅದನ್ನು ಮೊದಲೇ ಹೇಳಿಬಿಡಿ.

ಅಪಾರ್ಟ್‌ಮೆಂಟಾದರೆ ಸಂಘದ ಅನುಮತಿ ಬೇಕು. ನಿಮ್ಮ ಕಮೋಡಿನ ಪೈಪು ಕೆಳಗಿನ ಮನೆಯ ಛಾವಣಿಯಡಿ ಹೋಗುವ ಕಟ್ಟಡಗಳಲ್ಲಿ ಅವರ ಬಾತ್‌ರೂಮಿನೊಳಗೆ ಹೋಗಿ ಕೆಲಸ ಮಾಡಬೇಕಾಗುತ್ತದೆ. ಮೊದಲೇ ಹೋಗಿ ಮಾತಾಡಿಸಿ, ದಿನ ಗೊತ್ತುಮಾಡಿ.

ಒಂದು ಬಾತ್‌ರೂಮಿಗೆ ಸುಮಾರು ಮೂರು ವಾರ ಇಟ್ಟುಕೊಳ್ಳಿ. ಒಂದೇ ವಾರದಲ್ಲಿ ಮುಗಿಸಿಕೊಡುತ್ತೇನೆ ಎಂದವರು ಕ್ಯೂರಿಂಗೋ ಪರೀಕ್ಷೆಯೋ ಯಾವುದನ್ನೋ ಬಿಡುತ್ತಿದ್ದಾರೆ ಎಂದರ್ಥ.

ಹೆಜ್ಜೆ 8: ಕೆಲಸದ ಕ್ರಮ ಮತ್ತು ಮೂರು ಪರೀಕ್ಷೆಗಳು

ಹಳೆಯದನ್ನು ಒಡೆದು ಸಂಕನ್ನಿನ ತಳದವರೆಗೆ ಖಾಲಿ ಮಾಡಿದ ಮೇಲೆ ಮೋಲ್ಡನ್ನು ತೊಳೆದು ಒಣಗಿಸಿ ನೋಡಿ. ಪೈಪು ಹೊರಹೋಗುವ ತೂತುಗಳ ಸುತ್ತ ಕುಗ್ಗದ ಗ್ರೌಟ್ ತುಂಬಿಸಿ. ಸೋರಿಕೆ ಹೆಚ್ಚಾಗಿ ಹುಟ್ಟುವುದು ಈ ಪೈಪು ಮತ್ತು ಕಾಂಕ್ರೀಟು ಸೇರುವ ಅಂಚಿನಲ್ಲೇ. ನೆಲ, ಗೋಡೆ ಸೇರುವ ಮೂಲೆಗಳನ್ನು ಗಾರೆಯಿಂದ ದುಂಡಗೆ ಮಾಡಿ, ಪಾಲಿಮರ್ ಬೆರೆತ ಸಿಮೆಂಟ್ ಲೇಪ ಎರಡು ಸಲ, ಒಂದರ ಅಡ್ಡಕ್ಕೆ ಇನ್ನೊಂದು ಹಚ್ಚಿಸಿ. ಸಂಕನ್ನಿನ ಗೋಡೆ ಪೂರ್ತಿ, ಮುಗಿದ ನೆಲದಿಂದ ಮೇಲೆ ಒಂದಡಿ, ಶವರ್ ಜಾಗದಲ್ಲಿ ತಲೆಯ ಎತ್ತರದವರೆಗೆ.

ಲೇಪ ಒಣಗಿದ ಮೇಲೆ ಮೊದಲ ಪರೀಕ್ಷೆ. ತೂತುಗಳನ್ನು ಮುಚ್ಚಿ ನೀರು ತುಂಬಿಸಿ, ಮಟ್ಟಕ್ಕೆ ಗುರುತು ಹಾಕಿ, 48ರಿಂದ 72 ಗಂಟೆ ಬಿಡಿ. ಕೆಳಗಿನ ಛಾವಣಿಯನ್ನು ದಿನಕ್ಕೆರಡು ಸಲ ನೋಡಿ.

ಅದು ಪಾಸಾದರೆ ಕೊಳಚೆ ಪೈಪು ಹಾಕಿಸಿ. ಪ್ರತಿ ಪೈಪಿನ ಮೇಲೂ ಮಟ್ಟಗೋಲು ಇಟ್ಟು ಇಳಿಜಾರು ನೋಡಿ. ಒಡೆದ ಹಳೆಯ ಕಸವನ್ನೇ ಸಂಕನ್ನಿಗೆ ತುಂಬಲು ಬಿಡಬೇಡಿ. ಹಳೆಯ ಪ್ಲಾಸ್ಟರ್ ಪುಡಿ ಸ್ಪಂಜಿನಂತೆ ನೀರು ಹೀರಿಕೊಂಡು ವರ್ಷಗಟ್ಟಲೆ ತೇವವಾಗಿರುತ್ತದೆ. ಚೆನ್ನಾಗಿ ಸುಟ್ಟ ಇಟ್ಟಿಗೆ ಚೂರು ಗಾರೆಯೊಡನೆ ತುಂಬಿಸಿ, ಇಲ್ಲವೇ ಹಗುರ ಬ್ಲಾಕು. ಮೇಲೆ ಜಾಲಿಯ ಕಡೆಗೆ ಇಳಿಜಾರಾಗಿ ಕಾಂಕ್ರೀಟು, ಅದರ ಮೇಲೆ ಮತ್ತೊಮ್ಮೆ ಲೇಪ. ಈ ಲೇಪ ಜಾಲಿಯ ಕೊರಳಿನೊಳಗೆ ಇಳಿಯಬೇಕು. ಆಮೇಲೆ ಎರಡನೆಯ ಸಲ ನೀರು ನಿಲ್ಲಿಸಿ ನೋಡಿ. ಎರಡೆರಡು ಸಲ ಯಾಕೆ ಎಂದು ಮೇಸ್ತ್ರಿ ಕೇಳಬಹುದು. ಮೊದಲನೆಯದು ಮೋಲ್ಡಿನ ಪರೀಕ್ಷೆ. ಎರಡನೆಯದು ದಿನಾ ನೀರು ಬೀಳುವ ಪದರದ ಪರೀಕ್ಷೆ.

ಗೋಡೆಯ ಪೈಪುಗಳು ಜೋಡಣೆಯಾಗಿ ಒಂದು ದಿನ ಒಣಗಿದ ಮೇಲೆ ಮೂರನೆಯ ಪರೀಕ್ಷೆ. ಎಲ್ಲ ಬಾಯಿಗಳಿಗೂ ಪ್ಲಗ್ ಹಾಕಿ, ಕೈಪಂಪಿನಿಂದ ಚದರ ಸೆಂ.ಮೀ.ಗೆ 10 ಕೆ.ಜಿ.ವರೆಗೆ ಒತ್ತಡ ಏರಿಸಿ ಮೀಟರಿನ ಮುಳ್ಳು ನೋಡಿ. ಸೋಲಾರ್, ಗೀಸರ್ ಇವುಗಳಿಗೆ ಪೈಪನ್ನು ಆಗಿನ್ನೂ ಜೋಡಿಸಿರಬಾರದು. ಒಂದೆರಡು ಗಂಟೆಯಾದರೂ ಮುಳ್ಳು ಅಲ್ಲಾಡಬಾರದು. ನಾನಾದರೆ ರಾತ್ರಿಯಿಡೀ ಬಿಡುತ್ತೇನೆ. ಕಡಿಮೆ ಒತ್ತಡದ ನೀರು ಮಾತ್ರ ಹಿಡಿದಿಟ್ಟು ಇದೇ ಟೆಸ್ಟ್ ಎಂದರೆ ಒಪ್ಪಬೇಡಿ.

ಪಾಸಾದ ಕೂಡಲೇ ಫೋಟೊ ತೆಗೆಯಿರಿ. ಅಳತೆಯ ಟೇಪನ್ನು ನೆಲದಿಂದ ಪೈಪಿನವರೆಗೆ ಹಿಡಿದು, ಮೂಲೆಯಿಂದ ಪೈಪಿನವರೆಗೆ ಹಿಡಿದು, ನಾಲ್ಕೂ ಗೋಡೆಗೆ ಒಂದೊಂದು, ನೆಲಕ್ಕೆ ಒಂದು. ಮನೆಯ ಕಾಗದಪತ್ರಗಳ ಜೊತೆ ಪ್ರಿಂಟ್ ಇಟ್ಟುಕೊಳ್ಳಿ. ಪೈಪುಗಳಲ್ಲಿ ನೀರಿನ ಒತ್ತಡ ಹಾಗೇ ಇರುವಾಗಲೇ ಪ್ಲಾಸ್ಟರ್, ಟೈಲ್ಸ್ ಕೆಲಸ ನಡೆಯಲಿ. ಯಾರಾದರೂ ಉಳಿ ತಾಗಿಸಿದರೆ ಆ ಕ್ಷಣವೇ ನೀರು ಚಿಮ್ಮಿ ಗೊತ್ತಾಗುತ್ತದೆ.

ಹೆಜ್ಜೆ 9: ಟೈಲ್ಸ್ ಆದ ಮೇಲೆ

ನಲ್ಲಿ, ಶವರ್ ಹಾಕುವ ಮೊದಲು ಪೈಪುಗಳನ್ನು ತೆರೆದು ಎರಡು ಬಕೆಟ್ ನೀರು ಹರಿಯಬಿಡಿ. ಸಿಮೆಂಟು, ಪೈಪಿನ ಪುಡಿ ಹೊರಹೋಗಲಿ, ಇಲ್ಲವಾದರೆ ಹೊಸ ಮಿಕ್ಸರಿನ ಕಾರ್ಟ್ರಿಜ್ ಮೊದಲ ದಿನವೇ ಗೀರುಬೀಳುತ್ತದೆ. ಗೀಸರಿಗೆ ಪೈಪನ್ನು ನೇರ ಬಿಗಿಯದೆ ಲೋಹದ ಹೆಣಿಗೆಯ ಕನೆಕ್ಷನ್ ಪೈಪಿನಿಂದ ಜೋಡಿಸಿ. ನೆಲಕ್ಕೆ ನೀರು ಸುರಿದು, ಎಲ್ಲ ಮೂಲೆಯಿಂದಲೂ ಜಾಲಿಗೆ ಹೋಗುತ್ತದೆಯೇ, ಬಾಗಿಲ ಬಳಿ ನಿಲ್ಲುತ್ತದೆಯೇ ನೋಡಿ. ಕೊನೆಯ ಕಂತು ಕೊಡುವುದು ಇದಾದ ಮೇಲೆ.

ಮೊದಲ ತಿಂಗಳು ವಾರಕ್ಕೊಮ್ಮೆ ಆಂಗಲ್ ಕಾಕುಗಳ ಅಡಿಗೆ, ಬೇಸಿನ್ನಿನ ಬಾಟಲ್ ಟ್ರ್ಯಾಪಿಗೆ ಒಣ ಟಿಶ್ಯೂ ಒತ್ತಿ ನೋಡಿ. ಕಣ್ಣಿಗೆ ಕಾಣದ ಸಣ್ಣ ತೇವವೂ ಅದರಲ್ಲಿ ಕಾಣುತ್ತದೆ. ಕೆಳಗಿನ ಛಾವಣಿಯ ಹಳೆಯ ಕಲೆಗೆ ಈಗಲೇ ಬಣ್ಣ ಬಳಿಸಬೇಡಿ. ಅದು ಪೂರ್ತಿ ಒಣಗಲು ಒಂದೆರಡು ತಿಂಗಳು ಬೇಕು, ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದು ತಾರೀಕು ಬರೆದಿಡಿ. ಗೆರೆ ದಾಟಿ ಹರಡಿದರೆ ಪ್ಲಂಬರನ್ನು ಕರೆಯಿರಿ, ಒಳಗೆ ಕುಗ್ಗುತ್ತಾ ಹೋದರೆ ಪೇಂಟರನ್ನು.